ಸಿಡಿಮದ್ದಿನ ಅನಿಲವನ್ನು ಪಳಗಿಸಿದ ಗ್ಯಾರಂಡ್

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಕಾಲಾಳುಗಳು ಹಿಡಿದಿದ್ದ ಎಂ-1 ರೈಫಲ್‌ನ ಜನಕ ಜಾನ್ ಗ್ಯಾರಂಡ್. 1888ರ ಜನವರಿ 1ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಜನಿಸಿದ ಅವರು, ಬಾಲ್ಯದಲ್ಲಿಯೇ ಕುಟುಂಬದೊಂದಿಗೆ ಅಮೆರಿಕದ ಕನೆಕ್ಟಿಕಟ್‌ಗೆ ಬಂದರು. ಬಟ್ಟೆ ಗಿರಣಿಯಲ್ಲಿ ನೆಲ ಗುಡಿಸುತ್ತಲೇ ಯಂತ್ರವಿದ್ಯೆ ಕಲಿತರು. 1919ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ಸರ್ಕಾರಿ ಶಸ್ತ್ರಾಗಾರ ಸೇರಿದರು.

ಪ್ರತಿ ಗುಂಡಿಗೂ ಸೈನಿಕ ಕೈಯಿಂದ ಬೋಲ್ಟ್ ಎಳೆಯಬೇಕಾಗಿದ್ದ ಕಾಲವದು. ಮೊದಲು ಬೇರೊಂದು ವಿಧಾನವನ್ನು ಪ್ರಯತ್ನಿಸಿ ಕೈಬಿಟ್ಟ ಗ್ಯಾರಂಡ್, ಮದ್ದು ಉರಿದಾಗ ಹುಟ್ಟುವ ಅನಿಲಕ್ಕೇ ಆ ಕೆಲಸ ವಹಿಸಿದರು. 8 ಗುಂಡುಗಳ ಈ ರೈಫಲನ್ನು 1936ರಲ್ಲಿ ಸೇನೆ ಅಂಗೀಕರಿಸಿತು.

ಆದರೆ ತೊಡಕು ಉಳಿದಿತ್ತು. ನಳಿಗೆಯ ತುದಿಗೆ ಕೂರಿಸಿದ್ದ ಟೊಪ್ಪಿಗೆಯಂತಹ ಭಾಗವೊಂದು ಅನಿಲವನ್ನು ತಡೆದು ಕೆಳಗಿನ ಕೊಳವೆಗೆ ತಿರುಗಿಸುತ್ತಿತ್ತು. ಅಲ್ಲಿ ಮಸಿ ಕಟ್ಟುತ್ತಿತ್ತು, ಶುಚಿಗೊಳಿಸುವುದು ಕಷ್ಟವಾಗಿತ್ತು. ಬಯೊನೆಟ್‌ಗೆ ಬೇಕಾದ ಗಟ್ಟಿತನವೂ ಅದಕ್ಕಿರಲಿಲ್ಲ. 1940ರ ಹೊತ್ತಿಗೆ ಆ ಟೊಪ್ಪಿಗೆಯ ಬದಲು, ನಳಿಗೆಯ ತುದಿಯ ಸಮೀಪ ಕೊರೆದ ಸಣ್ಣ ರಂಧ್ರವೇ ಅನಿಲಕ್ಕೆ ದಾರಿಯಾಯಿತು. ಅಮೆರಿಕ ಯುದ್ಧಕ್ಕಿಳಿದದ್ದು 1941ರ ಡಿಸೆಂಬರ್‌ನಲ್ಲಿ. ತಿದ್ದುಪಡಿ ಒಂದೆರಡು ವರ್ಷ ತಡವಾಗಿದ್ದರೂ ದೋಷದ ಬೆಲೆಯನ್ನು ರಣರಂಗದಲ್ಲಿ ಸೈನಿಕರು ತೆರಬೇಕಾಗುತ್ತಿತ್ತು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 40 ಲಕ್ಷ ರೈಫಲ್‌ಗಳು ತಯಾರಾಗಿದ್ದವು.

ಪೇಟೆಂಟ್ ಹಕ್ಕುಗಳನ್ನು ಸರ್ಕಾರಕ್ಕೇ ಬಿಟ್ಟುಕೊಟ್ಟ ಗ್ಯಾರಂಡ್‌ಗೆ ರಾಯಧನ ದೊರೆಯಲಿಲ್ಲ. 1 ಲಕ್ಷ ಡಾಲರ್ ಗೌರವಧನ ನೀಡುವ ಮಸೂದೆಗೂ ಅಮೆರಿಕದ ಸಂಸತ್ತಿನ ಒಪ್ಪಿಗೆ ಸಿಗಲಿಲ್ಲ. 1953ರಲ್ಲಿ ನಿವೃತ್ತರಾದ ಅವರು, 1974ರ ಫೆಬ್ರುವರಿ 16ರಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿಯೇ ನಿಧನರಾದರು. ರೈಫಲ್‌ನೊಂದಿಗೆ ಬೆಸೆದುಹೋದ ಹೆಸರೇ ಅವರಿಗೆ ಸಂದ ದೊಡ್ಡ ಸಂಭಾವನೆ.