ಸಂತ ಲೂಯಿ ಮಾರ್ಟಿನ್ನರು ಮಡದಿಗಿತ್ತ ಪದಕ



ದೇವಾಲಯದ ಶತಮಾನೋತ್ಸವವೆಂಬುದು ಕಲ್ಲು ಗಾರೆಗಳ ಉತ್ಸವವಷ್ಟೇ ಅಲ್ಲ. ಅದರ ಪೀಠದ ಮುಂದೆ ನಿಂತು ಒಬ್ಬರ ಕೈಯನ್ನೊಬ್ಬರು ಹಿಡಿದ ದಂಪತಿಗಳ ಉತ್ಸವವೂ ಹೌದು. ಆದುದರಿಂದ ಈ ಸ್ಮರಣ ಸಂಚಿಕೆಯಲ್ಲಿ ಗೃಹಸ್ಥರಾಗಿಯೇ ಬಾಳಿ ಸಂತಪದವಿಗೇರಿದ ಒಬ್ಬ ಮಹನೀಯರ ಜೀವನವನ್ನು ನಿಮ್ಮ ಮುಂದಿಡಲು ಬಯಸುತ್ತೇವೆ.

ನಮ್ಮ ಡಾಬಕಾ, ಔರಾದ, ಭಾಲ್ಕಿ ಸೀಮೆಯ ಮದುವೆಗಳಲ್ಲಿ ಆಹೇರಿಗೇನೂ ಬರವಿಲ್ಲ. ಸೀರೆ, ಧೋತರ, ಪಾತ್ರೆ ಪಗಡಿ, ಬಂಗಾರ. ಅನುಕೂಲವುಳ್ಳವರಾದರೆ ಬೆಳ್ಳಿ ಎಳೆ ಕೂರಿಸಿದ ಬೀದರಿನ ಬಿದರಿ ಡಬ್ಬಿ. ಇವುಗಳ ನಡುವೆ ವರನು ವಧುವಿಗೆ ಜಪಸರವನ್ನೋ, ಶಿಲುಬೆಯನ್ನೋ, ಮಾತೆ ಮರಿಯಮ್ಮನವರ ಪದಕವನ್ನೋ ಕೊಡುವುದೂ ಉಂಟು. ಅಂತಹ ಕೊಡುಗೆಯ ತೂಕವೇನು, ಅದನ್ನು ಕೊಟ್ಟವನ ಹೊಣೆಯೇನು ಎಂಬುದನ್ನು ಲೂಯಿ ಮಾರ್ಟಿನ್ನರ ಬಾಳು ಚೆನ್ನಾಗಿ ತಿಳಿಸುತ್ತದೆ.

ಲೂಯಿಯವರು 1823ರ ಆಗಸ್ಟ್ 22ರಂದು ಫ್ರಾನ್ಸ್ ದೇಶದ ಬೋರ್ಡೋ ನಗರದಲ್ಲಿ, ಸೇನಾಧಿಕಾರಿಯೊಬ್ಬರ ಮಗನಾಗಿ ಜನಿಸಿದರು. ಗಡಿಯಾರದ ಕೆಲಸವನ್ನು ಕಲಿತರು. 1845ರಲ್ಲಿ, ಸನ್ಯಾಸದ ಹಂಬಲದಿಂದ ಆಲ್ಪ್ಸ್ ಪರ್ವತದ ಹಿಮದ ನಡುವಿರುವ ಸಂತ ಬರ್ನಾರ್ಡರ ಮಠದ ಬಾಗಿಲು ತಟ್ಟಿದರು. ಲತೀನ್ ಭಾಷೆ ತಿಳಿಯದ ಕಾರಣ ಅವರಿಗೆ ಅಲ್ಲಿ ಪ್ರವೇಶ ದೊರೆಯಲಿಲ್ಲ. ಕಡೆಗೆ ಅಲಾನ್ಸೋನ್ ಪಟ್ಟಣದಲ್ಲಿ ಗಡಿಯಾರದ ಅಂಗಡಿ ಇಟ್ಟರು. ಭಾನುವಾರ ಗಿರಾಕಿಗಳು ಎಷ್ಟೇ ಬಂದರೂ ಆ ಅಂಗಡಿಯ ಕದ ತೆರೆಯುತ್ತಿರಲಿಲ್ಲ.

ಅದೇ ಪಟ್ಟಣದಲ್ಲಿ ಝೇಲಿ ಗೆರೆ ಎಂಬ ಕನ್ಯೆಯಿದ್ದಳು. 1831ರ ಡಿಸೆಂಬರ್ 23ರಂದು ಜನಿಸಿದ ಆಕೆಯೂ ಕನ್ಯಾಮಠಕ್ಕೆ ಸೇರಲು ಹೋಗಿ ಹಿಂತಿರುಗಿದವಳೇ. ಅಲಾನ್ಸೋನಿನ ಪ್ರಸಿದ್ಧವಾದ ದಾರದ ಕಸೂತಿಯಲ್ಲಿ ಅವಳದು ಎತ್ತಿದ ಕೈ; ಸ್ವಂತ ಉದ್ಯೋಗ ನಡೆಸಿ ಹಲವು ಹೆಂಗಳೆಯರಿಗೆ ಕೆಲಸ ಕೊಟ್ಟಿದ್ದಳು. 1858ರಲ್ಲಿ ಸಂತ ಲೆಯೊನಾರ್ಡರ ಸೇತುವೆಯ ಮೇಲೆ ಇವರಿಬ್ಬರೂ ಎದುರಾದರು. ಕೆಲವೇ ತಿಂಗಳಲ್ಲಿ, ಜುಲೈ 13ರಂದು, ನಡುರಾತ್ರಿಯ ಹೊತ್ತಿನಲ್ಲಿ ಮಾತೆ ಮರಿಯಮ್ಮನವರ ದೇವಾಲಯದಲ್ಲಿ ಅವರ ವಿವಾಹ ನೆರವೇರಿತು.

ಆ ಸಂದರ್ಭದಲ್ಲಿ ಲೂಯಿಯವರು ಮಡದಿಗೆ ಒಂದು ಬೆಳ್ಳಿಯ ಪದಕವನ್ನು ಕಾಣಿಕೆಯಾಗಿ ಕೊಟ್ಟರು. ಅದರ ಮೇಲಿದ್ದುದು ತೋಬಿಯ ಮತ್ತು ಸಾರಾ ಎಂಬ ದಂಪತಿಗಳ ಚಿತ್ರ. ತೋಬಿತನ ಗ್ರಂಥ ನಮ್ಮ ಕಥೋಲಿಕ ಬೈಬಲಿನಲ್ಲಿದೆ. ಪ್ರಾಟೆಸ್ಟಂಟ್ ಬಂಧುಗಳು ಸಾಮಾನ್ಯವಾಗಿ ಬಳಸುವ ಬೈಬಲಿನಲ್ಲಿ ಅದು ಸೇರಿಲ್ಲವಾಗಿ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಸಾರಾಳನ್ನು ವರಿಸಿದ ಏಳು ಮಂದಿ ವರರು ಮದುವೆಯ ರಾತ್ರಿಯೇ ದುರಾತ್ಮದಿಂದ ಮಡಿದಿದ್ದರು. ಮಹಾದೂತ ರಫಾಯೇಲರ ಮಾರ್ಗದರ್ಶನದಿಂದ ಅವಳನ್ನು ವರಿಸಿದ ತೋಬಿಯನು ಆ ರಾತ್ರಿ ಅವಳನ್ನು ಎಬ್ಬಿಸಿ, ಇಬ್ಬರೂ ಕೂಡಿ ದೇವರನ್ನು ಪ್ರಾರ್ಥಿಸಿದರು. ಕಾಮಾಸಕ್ತಿಯಿಂದಲ್ಲ, ಶುದ್ಧ ಮನಸ್ಸಿನಿಂದ ಇವಳ ಕೈಹಿಡಿದಿದ್ದೇನೆ, ಇಬ್ಬರೂ ಜೊತೆಯಾಗಿ ಮುದುಪನ್ನು ಕಾಣುವಂತಾಗಲಿ ಎಂಬುದು ಅವನ ಮೊರೆ. ಆ ಪದಕವನ್ನು ಕೊಡುವುದೆಂದರೆ ಆ ಪ್ರಾರ್ಥನೆಗೆ ತಾನೇ ಹೊಣೆಯಾಗುವುದು. ಚಿನ್ನದ ಸರ ಕೊಟ್ಟವನು ಕೊಟ್ಟು ಮುಗಿಸುತ್ತಾನೆ. ತೋಬಿಯನ ಪದಕ ಕೊಟ್ಟವನು ಅಂದಿನಿಂದ ತೋಬಿಯನಂತೆ ಬಾಳಬೇಕಾಗುತ್ತದೆ.

ಲೂಯಿಯವರು ಹಾಗೆಯೇ ಬಾಳಿದರು. ಮೊದಲ ಹತ್ತು ತಿಂಗಳು ದಂಪತಿಗಳು ಸಹೋದರ ಸಹೋದರಿಯರಂತೆ ಇದ್ದರು. ಬಳಿಕ ಗುರುಗಳೊಬ್ಬರ ಸಲಹೆಯಂತೆ ಮಕ್ಕಳನ್ನು ದೇವರ ವರವೆಂದು ಬರಮಾಡಿಕೊಂಡರು. ಒಂಬತ್ತು ಮಕ್ಕಳು ಜನಿಸಿದರು. 1870ರಲ್ಲಿ ಲೂಯಿಯವರು ತಮ್ಮ ಗಡಿಯಾರದ ಅಂಗಡಿಯನ್ನು ಸೋದರಳಿಯನಿಗೆ ಮಾರಿ, ಮಡದಿಯ ಕಸೂತಿ ಉದ್ಯೋಗಕ್ಕೆ ಹೆಗಲು ಕೊಟ್ಟರು. ಗಂಡಸಾದವನು ಹೆಂಡತಿಯ ಕಸುಬಿಗೆ ನೆರವಾಗುವುದು ಕೀಳೆಂದು ಅವರಿಗೆ ತೋರಲಿಲ್ಲ. ಲೂಯಿಯವರಿಗೆ ಮದುವೆಗೆ ಮುಂಚೆ ಭಕ್ತೆಯೊಬ್ಬರು ಕೊಟ್ಟಿದ್ದ ಮರಿಯಮ್ಮನವರ ಪ್ರತಿಮೆಯ ಮುಂದೆ ಮನೆಮಂದಿ ಪ್ರಾರ್ಥನೆಗೆ ಕೂಡುತ್ತಿದ್ದರು.

ಆದರೆ ಪದಕದ ಮೇಲಿನ ಆ ಇಬ್ಬರು ಬೇಡಿದ್ದು ಈ ಇಬ್ಬರಿಗೆ ದೊರೆಯಿತೆ? ಇಲ್ಲ. ಒಂಬತ್ತರಲ್ಲಿ ನಾಲ್ಕು ಮಕ್ಕಳನ್ನು ಅವರು ಮಣ್ಣಿಗಿತ್ತರು. ಝೇಲಿಯವರಿಗೆ ಸ್ತನದ ಕ್ಯಾನ್ಸರ್ ತಗುಲಿತು. 1877ರ ಜೂನಿನಲ್ಲಿ ಹಿರಿಯ ಹೆಣ್ಣುಮಕ್ಕಳೊಡನೆ ಲೂರ್ದಿಗೆ ಯಾತ್ರೆ ಹೋಗಿಬಂದರೂ ಗುಣವಾಗಲಿಲ್ಲ. ಅದೇ ಆಗಸ್ಟ್ 28ರಂದು, 45ರ ವಯಸ್ಸಿನಲ್ಲಿ, ಆ ತಾಯಿ ಕಣ್ಮುಚ್ಚಿದರು. ಜೊತೆಯಾಗಿ ಮುದುಪು ಕಾಣಬೇಕೆಂಬ ಬೇಡಿಕೆ ಹತ್ತೊಂಬತ್ತು ವರ್ಷಗಳಿಗೇ ನಿಂತುಹೋಯಿತು.

ಇಲ್ಲಿಯೇ, ಪ್ರಿಯರೇ, ನಾವು ನೆನಪಿಡಬೇಕಾದ ಮಾತಿದೆ. ಪದಕವು ತಾಯತವಲ್ಲ. ಅದನ್ನು ಕಟ್ಟಿಕೊಂಡವರಿಗೆ ರೋಗ ಬಾರದು, ಸಾವು ಸುಳಿಯದು ಎಂದು ಧರ್ಮಸಭೆ ಎಂದೂ ಬೋಧಿಸಿಲ್ಲ. ಆಶೀರ್ವದಿಸಿದ ವಸ್ತು ಧರ್ಮಸಭೆಯ ಪ್ರಾರ್ಥನೆಯ ಬಲದಿಂದ ನಮ್ಮ ಹೃದಯವನ್ನು ವರಪ್ರಸಾದಕ್ಕೆ ಅಣಿಗೊಳಿಸುತ್ತದೆ. ವಿಧಿಯನ್ನು ಅದು ಕೊಂಡುಕೊಳ್ಳುವುದಿಲ್ಲ. ಲೂಯಿಯವರು ಮಡದಿಯನ್ನು ಕಳೆದುಕೊಂಡರೇ ಹೊರತು ಆ ಪದಕದಲ್ಲಿ ತಾವಿತ್ತ ಮಾತನ್ನು ಕಳೆದುಕೊಳ್ಳಲಿಲ್ಲ.

ಆ ವರ್ಷವೇ ಐವರು ಹೆಣ್ಣುಮಕ್ಕಳನ್ನು ಕರೆದುಕೊಂಡು ಲಿಸ್ಯೂ ಪಟ್ಟಣಕ್ಕೆ ಬಂದು, ಅವರನ್ನು ಸಾಕಿ ಸಲಹಿದರು. ಮನೆಯ ಪ್ರತಿಮೆಯೂ ಜೊತೆಗೆ ಬಂತು. 1883ರ ಮೇ 13ರಂದು, ಕಠಿಣ ಕಾಯಿಲೆಯಲ್ಲಿದ್ದ ಕಿರಿಯ ಮಗಳು ತೆರೇಸಾ ಆ ಪ್ರತಿಮೆಯ ಮುಖದಲ್ಲಿ ಮಾತೆಯ ಮುಗುಳ್ನಗೆಯನ್ನು ಕಂಡು ಗುಣಹೊಂದಿದಳು. 1887ರ ಪವಿತ್ರಾತ್ಮರ ಹಬ್ಬದ ದಿನ ಅವಳು ಕಾರ್ಮೆಲ್ ಮಠಕ್ಕೆ ಸೇರಲು ತಂದೆಯ ಅಪ್ಪಣೆ ಬೇಡಿದಳು. ಲೂಯಿಯವರು ಕಣ್ಣೀರು ತುಂಬಿಕೊಂಡು, ತೋಟದ ಗೋಡೆಯಿಂದ ಪುಟ್ಟ ಬಿಳಿಯ ಹೂವೊಂದನ್ನು ಬೇರುಸಹಿತ ಕಿತ್ತು ಮಗಳ ಕೈಗಿತ್ತರು. ಬೆಳ್ಳಿಯಿಲ್ಲ, ಬಂಗಾರವಿಲ್ಲ, ಆದರೂ ಅದು ಮಗಳನ್ನೇ ದೇವರಿಗೊಪ್ಪಿಸಿದ ಕಾಣಿಕೆ. ತೆರೇಸಾ ಅದನ್ನು ಕ್ರಿಸ್ತಾನುಕರಣೆಯ ಪುಟಗಳ ನಡುವೆ ಜೋಪಾನವಾಗಿರಿಸಿಕೊಂಡಳು. ಆ ಕಿರುಪುಷ್ಪವೇ ಇಂದು ಲೋಕವೆಲ್ಲ ಅರಿತ ಲಿಸ್ಯೂವಿನ ಸಂತ ತೆರೇಸಾ.

1889ರ ಜನವರಿ 10ರಂದು ಮಗಳು ಮಠದ ಉಡುಪು ಧರಿಸುವ ಮುನ್ನ, ಅಲಾನ್ಸೋನ್ ಕಸೂತಿಯ ಅಲಂಕಾರವಿದ್ದ ಬಿಳಿ ಮಖಮಲ್ಲಿನ ವಧುವಿನ ಉಡುಪಿನಲ್ಲಿ ತಂದೆಯ ತೋಳು ಹಿಡಿದು ಬಂದಳು. ತೀರಿಹೋದ ತಾಯಿಯ ಕಸುಬು ಅಂದು ಮಗಳ ಮೈಮೇಲಿತ್ತು. ಮರುತಿಂಗಳೇ ಲೂಯಿಯವರ ಬುದ್ಧಿಗೆ ಮಂಕು ಕವಿಯಿತು. ಕಾನ್ ನಗರದ ಆಸ್ಪತ್ರೆಯಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಕಳೆದರು. 1894ರ ಜುಲೈ 29ರಂದು ಪ್ರಭುವಿನಲ್ಲಿ ನಿದ್ರಿಸಿದರು. ಉಳಿದ ಐವರು ಹೆಣ್ಣುಮಕ್ಕಳೂ ಕನ್ಯಾಸ್ತ್ರೀಯರಾದರು. 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸರು ಲೂಯಿ ಮತ್ತು ಝೇಲಿಯವರನ್ನು ಒಟ್ಟಿಗೆ ಸಂತರೆಂದು ಸಾರಿದರು. ದಂಪತಿಗಳನ್ನು ಜೊತೆಯಾಗಿ ಸಂತಪದವಿಗೆ ಏರಿಸಿದ್ದು ಅದೇ ಮೊದಲು. ಭೂಮಿಯ ಮೇಲೆ ಜೊತೆಯಾಗಿ ಮುದುಪು ಕಾಣದವರನ್ನು ಧರ್ಮಸಭೆ ಈಗ ಜೊತೆಯಾಗಿಯೇ, ಜುಲೈ 12ರಂದು, ಸ್ಮರಿಸುತ್ತದೆ.

ನಮ್ಮ ಧರ್ಮಕೇಂದ್ರದ ಯುವಕ ಯುವತಿಯರೇ, ಮೆಚ್ಚಿದವರಿಗೆ ಜಪಸರ ಕೊಡುವುದಾದರೆ ಮೊದಲು ನೀವೇ ಅದನ್ನು ಹಿಡಿದು ಜಪಿಸಿರಿ. ಶಿಲುಬೆ ಕೊಡುವುದಾದರೆ ಅವರ ಶಿಲುಬೆಗೂ ಹೆಗಲು ಕೊಡಲು ಸಿದ್ಧರಾಗಿರಿ. ಅನ್ಯಧರ್ಮದವರಾಗಿದ್ದರೆ ಅದು ಬಲವಂತದ ಕೊರಳಪಟ್ಟಿಯಾಗದಿರಲಿ. ಅವರು ಮನಸಾರೆ ಒಪ್ಪಿದರೆ ಮಾತ್ರ ಕೊಡಿರಿ. ಮದುವೆಯಾಗಿ ಬಹುಕಾಲವಾದ ದಂಪತಿಗಳೇ, ಪೆಟ್ಟಿಗೆಯ ತಳದಲ್ಲಿ ಸೇರಿರುವ ಆ ಹಳೆಯ ಜಪಸರವನ್ನು ಈ ಶತಮಾನೋತ್ಸವದ ವರ್ಷದಲ್ಲಿ ಹೊರತೆಗೆದು, ಇಬ್ಬರೂ ಕೂಡಿ ಒಂದು ಸಂಜೆಯಾದರೂ ಅದಕ್ಕೆ ಕೆಲಸ ಕೊಡಿರಿ.

ಸಂತ ಲೂಯಿ ಹಾಗೂ ಸಂತ ಝೇಲಿಯವರು ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಲಿ.