ಚಿನ್ನಸ್ವಾಮಿ ಅಂದ್ರೆ ಯಾರು?

ಆರ್‌ಸಿಬಿ ಮ್ಯಾಚ್ ಇದ್ದ ದಿನ ನಮ್ಮ ಹಾಸ್ಟೆಲಿನಲ್ಲಿ ಚಿನ್ನಸ್ವಾಮಿ ಅನ್ನೋ ಹೆಸರು ಎಷ್ಟು ಸಲ ಬರುತ್ತೆ ಅಂತ ಎಣಿಸೋಕೆ ಆಗಲ್ಲ. ಚಿನ್ನಸ್ವಾಮಿಯಲ್ಲಿ ಬೌಂಡರಿ ಚಿಕ್ಕದು, ಚಿನ್ನಸ್ವಾಮಿಯಲ್ಲಿ ಇನ್ನೂರು ಹೊಡೆದರೂ ಸಾಲದು, ಹೀಗೆ. ಆದರೆ ಆ ಮನುಷ್ಯ ಯಾರು ಅಂತ ಕೇಳಿ ನೋಡಿ. ಯಾರೋ ಹಳೇ ಕ್ರಿಕೆಟ್ ಆಟಗಾರ ಇರಬೇಕು ಅಂತಾರೆ. ಅಲ್ಲ. ಅವರು ವಕೀಲರು.

ಮಂಗಳಂ ಚಿನ್ನಸ್ವಾಮಿ ಹುಟ್ಟಿದ್ದು 1900ರಲ್ಲಿ, ಮಂಡ್ಯದಲ್ಲಿ. ಆಗ ಅದು ಮಹಾರಾಜರ ಮೈಸೂರು. ರಾಜ್ಯದ ಕ್ರಿಕೆಟ್ ಸಂಸ್ಥೆ ಶುರುವಾಗಿದ್ದು 1933ರಲ್ಲಿ, ಆದರೆ ಅದಕ್ಕೆ ತನ್ನದು ಅಂತ ಒಂದು ಸ್ಟೇಡಿಯಂ ಇರಲಿಲ್ಲ. ಬೆಂಗಳೂರಿಗೆ ಹೊರಗಿನ ತಂಡ ಬಂದರೆ ಸೆಂಟ್ರಲ್ ಕಾಲೇಜಿನ ಮೈದಾನದಲ್ಲಿ ಆಟ. ಚಿನ್ನಸ್ವಾಮಿ ಈ ಸಂಸ್ಥೆಗೆ ಸುಮಾರು ನಾಲ್ಕು ದಶಕ ದುಡಿದರು. ಮೊದಲು ಕಾರ್ಯದರ್ಶಿ, 1978ರಿಂದ 1990ರವರೆಗೆ ಅಧ್ಯಕ್ಷ. ನಡುವೆ 1960ರಿಂದ 65ರವರೆಗೆ ಭಾರತದ ಕ್ರಿಕೆಟ್ ಮಂಡಳಿಯ ಕಾರ್ಯದರ್ಶಿ, 1977ರಿಂದ 80ರವರೆಗೆ ಅದರ ಅಧ್ಯಕ್ಷ. ಅಂದರೆ ಆಸ್ಟ್ರೇಲಿಯಾದಲ್ಲಿ ಕೆರ್ರಿ ಪ್ಯಾಕರ್ ಆಟಗಾರರನ್ನ ದುಡ್ಡು ಕೊಟ್ಟು ಎಳೆದುಕೊಂಡು ಲೈಟ್ ಹಾಕಿ ರಾತ್ರಿ ಕ್ರಿಕೆಟ್ ಆಡಿಸುತ್ತಿದ್ದ ಕಾಲದಲ್ಲಿ ನಮ್ಮ ಮಂಡಳಿಯ ಕುರ್ಚಿಯಲ್ಲಿ ಕೂತಿದ್ದವರು ಇವರು.

ಈ ಪದವಿಗಳ ಪಟ್ಟಿ ಓದೋಕೆ ಬೋರ್, ನಮಗೂ ಗೊತ್ತು. ನಮಗೆ ಬೇಕಾದ ಪ್ರಶ್ನೆ ಬೇರೆ. ಕೈಯಲ್ಲಿ ದೊಡ್ಡ ದುಡ್ಡಿಲ್ಲದ ಒಂದು ಸಂಸ್ಥೆ ಎಂ.ಜಿ. ರೋಡ್ ಪಕ್ಕ ಸ್ಟೇಡಿಯಂ ಕಟ್ಟಿದ್ದು ಹೇಗೆ?

ಇವತ್ತು ಇದಕ್ಕೆ ರೆಡಿಮೇಡ್ ಉತ್ತರ ಇದೆ. ಫುಟ್‌ಬಾಲ್ ನೋಡೋರಿಗೆ ಆರ್ಸೆನಲ್ ಕತೆ ಗೊತ್ತಿರುತ್ತೆ. 2006ರಲ್ಲಿ ತೆರೆದ ಅವರ ಎಮಿರೇಟ್ಸ್ ಸ್ಟೇಡಿಯಂಗೆ ಸುಮಾರು 39 ಕೋಟಿ ಪೌಂಡ್ ಖರ್ಚಾಯ್ತು. ಬ್ಯಾಂಕಿನಿಂದ ಸಾಲ ತಗೊಂಡರು, ಬಾಕ್ಸ್ ಸೀಟುಗಳನ್ನ ಮಾರಿದರು, ಕೊನೆಗೆ ಸ್ಟೇಡಿಯಂ ಹೆಸರನ್ನೂ ಜರ್ಸಿಯನ್ನೂ ಒಂದು ವಿಮಾನ ಕಂಪನಿಗೆ ಸುಮಾರು 10 ಕೋಟಿ ಪೌಂಡಿಗೆ ಕೊಟ್ಟರು. ಹೆಸರು ಅನ್ನೋದೇ ಒಂದು ಫಂಡಿಂಗ್ ಮಾಡೆಲ್. ಚಿನ್ನಸ್ವಾಮಿ ಕಾಲದಲ್ಲಿ ಹೆಸರು ಕೊಳ್ಳೋರು ಇರಲಿ, ಟಿವಿ ಹಕ್ಕಿನ ದುಡ್ಡೂ ಇರಲಿಲ್ಲ. ಆಗ ಇದ್ದ ದಾರಿ ಅಂದರೆ ಸರ್ಕಾರದ ಜಾಗ, ಸರ್ಕಾರದ ನೆರವು, ಸದಸ್ಯರ ಹಣ, ಗೇಟಿನಲ್ಲಿ ಹರಿಯೋ ಟಿಕೆಟ್. ಮೊದಲನೇದು ಸಿಗದಿದ್ದರೆ ಉಳಿದದ್ದು ಲೆಕ್ಕಕ್ಕಿಲ್ಲ. ಅದನ್ನ ಗಿಟ್ಟಿಸೋಕೆ ಬೇಕಾಗಿದ್ದು ಎಂಜಿನಿಯರ್ ಅಲ್ಲ, ಅರ್ಜಿ ಬರೆಯೋ, ಫೈಲ್ ಹಿಂದೆ ಬೀಳೋ ಮನುಷ್ಯ. ವಕೀಲರು ಇಲ್ಲಿ ಕೆಲಸಕ್ಕೆ ಬಂದರು ಅಂತ ನಮ್ಮ ಊಹೆ.

ಸರ್ಕಾರ ಕಬ್ಬನ್ ಪಾರ್ಕ್ ಪಕ್ಕದ ಜಾಗವನ್ನ ದೀರ್ಘ ಗುತ್ತಿಗೆಗೆ ಕೊಟ್ಟಿತು. 1969ರ ಮೇ ತಿಂಗಳಲ್ಲಿ ಅಡಿಗಲ್ಲು. ಆಗ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು, ನಮ್ಮ ಕಲಬುರಗಿ ಕಡೆಯವರು ಅನ್ನೋದನ್ನ ನಮ್ಮ ಗುಂಪಿನ ಕನ್ನೊಳ್ಳಿಯ ಹುಡುಗ ಬರೀಲೇಬೇಕು ಅಂತ ಹಠ ಹಿಡಿದಿದ್ದಾನೆ, ಬರೆದಿದ್ದೇವೆ. 1970ರಲ್ಲಿ ಕೆಲಸ ಶುರು. 1972–73ರ ಸೀಸನ್‌ನಲ್ಲೇ ಪ್ರಥಮ ದರ್ಜೆ ಪಂದ್ಯ ಆಡಿಸಿಬಿಟ್ಟರು!

ಇಷ್ಟು ಬೇಗ ಹೇಗೆ ಅಂದರೆ, ಸ್ಟೇಡಿಯಂ ಅನ್ನೋದು ಗೋಳಗುಮ್ಮಟ ಅಲ್ಲ. ಗುಮ್ಮಟ ಅರ್ಧ ಕಟ್ಟಿ ನಿಲ್ಲಿಸಿದರೆ ಯಾವ ಉಪಯೋಗಕ್ಕೂ ಬರಲ್ಲ. ಸುಮಾರು 38 ಮೀಟರ್ ಅಗಲವನ್ನ ಕಂಬ ಇಲ್ಲದೆ ಮುಚ್ಚಬೇಕು ಅಂದರೆ ಮೇಲಿನ ಕೊನೇ ಸುತ್ತಿನ ತನಕ ಪೂರ್ತಿ ಆಗಲೇಬೇಕು. ಸ್ಟ್ಯಾಂಡ್ ಹಾಗಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ಒಂದು ಕಾಂಕ್ರೀಟ್ ಫ್ರೇಮ್, ಅದರ ಪಕ್ಕ ಅಂಥದ್ದೇ ಇನ್ನೊಂದು, ಹೀಗೆ ಮೈದಾನದ ಸುತ್ತ ಕಾಪಿ-ಪೇಸ್ಟ್. ಮೊದಲು ನೆಲ, ಚರಂಡಿ, ಪಿಚ್. ಆಮೇಲೆ ದುಡ್ಡು ಬಂದ ಹಾಗೆ ಸ್ಟ್ಯಾಂಡ್ ಬೆಳೆಸಬಹುದು.

ಅದೃಷ್ಟಾನೂ ಕೂಡಿಬಂತು. 1973ರ ನವೆಂಬರಿನಲ್ಲಿ ಮೈಸೂರು ರಾಜ್ಯ ಕರ್ನಾಟಕ ಆಯ್ತು. ಆ ಸೀಸನ್ನಿನಲ್ಲೇ ಇದೇ ಮೈದಾನದಲ್ಲಿ ರಣಜಿ ಸೆಮಿಫೈನಲ್, ಎದುರಿಗೆ ಸತತ 15 ವರ್ಷ ಕಪ್ ಬಿಟ್ಟುಕೊಡದ ಮುಂಬಯಿ. ಪ್ರಸನ್ನ ಗಾವಸ್ಕರ್ ಅವರನ್ನ ಬೌಲ್ಡ್ ಮಾಡಿದ್ದು, ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಶತಕ ಹೊಡೆದಿದ್ದು ಇಲ್ಲೇ. ಕರ್ನಾಟಕ ಮುಂದೆ ಮೊದಲ ಸಲ ರಣಜಿ ಗೆದ್ದಿತು. 1974ರ ನವೆಂಬರಿನಲ್ಲಿ ಇಲ್ಲಿ ಮೊದಲ ಟೆಸ್ಟ್, ವೆಸ್ಟ್ ಇಂಡೀಸ್ ಜೊತೆ. ಗಾರ್ಡನ್ ಗ್ರೀನಿಜ್ ಮತ್ತು ವಿವ್ ರಿಚರ್ಡ್ಸ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ನಾವು 267 ರನ್ನಿಂದ ಸೋತೆವು, ಹೋಗಲಿ ಬಿಡಿ.

ಮೊದಲು ಇದರ ಹೆಸರು ಬರೀ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಸ್ಟೇಡಿಯಂ. ಆಮೇಲೆ ಚಿನ್ನಸ್ವಾಮಿ ಹೆಸರಿಟ್ಟರು. 1991ರ ನವೆಂಬರಿನಲ್ಲಿ ಅವರು ತೀರಿಕೊಂಡರು, 91 ವರ್ಷ. 1996ರ ವಿಶ್ವಕಪ್ಪಿಗೆ ಫ್ಲಡ್‌ಲೈಟ್ ಹಾಕಿದ್ದು, ಅದರ ಕೆಳಗೆ ಪಾಕಿಸ್ತಾನದ ಎದುರು ಕ್ವಾರ್ಟರ್ ಫೈನಲ್ ಗೆದ್ದಿದ್ದು ಅವರು ನೋಡಲಿಲ್ಲ. 2015ರಲ್ಲಿ ಮೇಲೆ ಸೋಲಾರ್ ಪ್ಯಾನೆಲ್, 2017ರಲ್ಲಿ ಹುಲ್ಲಿನ ಕೆಳಗಿನ ಪೈಪುಗಳಿಂದ ಮಳೆನೀರು ಹೀರೋ ಸಬ್‌ಏರ್ ಬಂತು.

ಒಂದು ಮಾತ್ರ ಅಡಿಗಲ್ಲಿನ ಕಾಲದ್ದೇ ಉಳಿಯಿತು. ಜಾಗ.

2025ರ ಜೂನ್ 4ರಂದು ಗೇಟುಗಳ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅವರಲ್ಲಿ ನಮ್ಮ ಹಾಗೇ ಎಂಜಿನಿಯರಿಂಗ್ ಓದುತ್ತಿದ್ದವರೂ ಇದ್ದರು. ಇದಾದ ಮೇಲೆ ನಾವು ಕೂತು ಒಂದು ಲೆಕ್ಕ ಮಾಡಿದೆವು. ಸ್ಟೇಡಿಯಂ ಸುರಕ್ಷತೆಗೆ ಬ್ರಿಟನ್ನಿನಲ್ಲಿ ಒಂದು ಗೈಡ್ ಇದೆ. 1902ರಲ್ಲಿ ಗ್ಲಾಸ್ಗೋದ ಐಬ್ರಾಕ್ಸ್ ಫುಟ್‌ಬಾಲ್ ಮೈದಾನದಲ್ಲಿ ಮರದ ಹಲಗೆಯ ಸ್ಟ್ಯಾಂಡ್ ಮುರಿದು 25 ಜನ ಸತ್ತಲ್ಲಿಂದ ಹಿಡಿದು ಅವರು ಇಂಥ ಪಾಠ ಬಹಳ ಕಲಿತವರು. ಆ ಗೈಡ್ ಪ್ರಕಾರ ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ ಹೊರಬರಬಹುದು, ಎಂಟು ನಿಮಿಷದಲ್ಲಿ ಎಲ್ಲರೂ ಖಾಲಿಯಾಗಬೇಕು. 35,000 ಜನ ಅಂತ ಇಟ್ಟುಕೊಂಡರೆ ಒಟ್ಟು ಸುಮಾರು 53 ಮೀಟರ್ ಅಗಲದ ದಾರಿ ಬೇಕು. ಒಳಗೆ ಬಿಡೋದು ಇನ್ನೂ ನಿಧಾನ. ಒಂದು ಟರ್ನ್‌ಸ್ಟೈಲಿನಲ್ಲಿ ಗಂಟೆಗೆ 660 ಜನ. ಒಂದೇ ಗಂಟೆಯಲ್ಲಿ ತುಂಬಿಸಬೇಕಾದರೆ ಅಂಥವು 53ಕ್ಕಿಂತ ಹೆಚ್ಚು ಬೇಕು. ಆದರೆ ಈ ಎರಡೂ ಲೆಕ್ಕ ಸೀಟಿದ್ದಷ್ಟೇ ಜನ ಬಂದಾಗಿನದು. ಅವತ್ತು ಬಂದವರು ಅದರ ಎಷ್ಟೋ ಪಟ್ಟು, ಸತ್ತವರು ಇನ್ನೂ ಒಳಗೇ ಹೋಗಿರಲಿಲ್ಲ. ಈ ಫಾರ್ಮುಲಾದಲ್ಲಿ ಅವರಿಗೆ ಜಾಗಾನೇ ಇಲ್ಲ.

ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ ಈ ಸ್ಟೇಡಿಯಂನ ವಿನ್ಯಾಸವೇ ಭಾರೀ ಜನ ಸೇರೋದಕ್ಕೆ ತಕ್ಕದ್ದಲ್ಲ ಅಂತ ವರದಿ ಕೊಟ್ಟಿತು. ರಸ್ತೆಯಿಂದ ದೂರ ಸಾಲು ನಿಲ್ಲೋ ಜಾಗ ಬೇಕು, ಸಾಕಷ್ಟು ಗೇಟು ಬೇಕು ಅಂದಿತು. ವಕೀಲರು ಕಷ್ಟಪಟ್ಟು ಪಡೆದದ್ದು ಊರ ನಡುವಿನ ಜಾಗ. ಅದರ ಗೇಟು ತೆಗೆದರೆ ಫುಟ್‌ಪಾತ್, ಫುಟ್‌ಪಾತ್ ಇಳಿದರೆ ರಸ್ತೆ, ಇನ್ನೊಂದು ಕಡೆ ಕಬ್ಬನ್ ಪಾರ್ಕ್.