ಎಂಟು ವರ್ಷ ಒಂದೇ ಪ್ರಾಣಿ: ಚಾರ್ಲ್ಸ್ ಡಾರ್ವಿನ್

ಮಕ್ಕಳೇ, ಮಳೆಗಾಲದಲ್ಲಿ ದೇವದುರ್ಗದ ಹಳ್ಳಗಳಲ್ಲಿ, ಮಾನ್ವಿಯ ಕಾಲುವೆಗಳ ಅಂಚಿನಲ್ಲಿ ಗೊದಮೊಟ್ಟೆಗಳನ್ನು ನೋಡಿದ್ದೀರಲ್ಲವೇ? ಅವು ಬಾಲ ಆಡಿಸುತ್ತಾ ಪಾಚಿ ಕೆರೆದು ತಿನ್ನುತ್ತವೆ. ಅವೇ ಬೆಳೆದು ಕಪ್ಪೆಗಳಾದಾಗ ಪಾಚಿ ಬಿಟ್ಟು ಹುಳುಗಳನ್ನು ಹಿಡಿಯುತ್ತವೆ. ಹೀಗೆ ವಯಸ್ಸಿಗೆ ತಕ್ಕಂತೆ ಊಟ ಬದಲಾಗುವುದು ಸಮುದ್ರದ ಚಿಪ್ಪುಜೀವಿಗಳಲ್ಲೂ ಉಂಟು. ಅಂತಹ ಒಂದು ಜೀವಿಯನ್ನು ಎಂಟು ವರ್ಷ ಬಿಡದೆ ಅಭ್ಯಾಸ ಮಾಡಿದವರು ಚಾರ್ಲ್ಸ್ ಡಾರ್ವಿನ್.

ಬಾಲ್ಯ ಮತ್ತು ಓದು

ಡಾರ್ವಿನ್ 1809ರ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಹುಟ್ಟಿದರು. ಎಂಟು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ತಂದೆ ವೈದ್ಯರು. ಮಗನೂ ವೈದ್ಯನಾಗಲಿ ಎಂದು 1825ರಲ್ಲಿ ಎಡಿನ್‌ಬರೋ ನಗರಕ್ಕೆ ಕಳುಹಿಸಿದರು. ಆಗ ಅರಿವಳಿಕೆ ಮದ್ದು ಇರಲಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ರೋಗಿಗಳು ಪಡುವ ನೋವನ್ನು ನೋಡಲಾರದೆ ಡಾರ್ವಿನ್ ಹೊರಗೆ ಓಡಿದರು. ಆದರೆ ಅಲ್ಲಿನ ಕಡಲತೀರ ಅವರನ್ನು ಸೆಳೆಯಿತು. ಸಿಂಪಿಗಳ ಚಿಪ್ಪಿನಲ್ಲಿ ಕಾಣುತ್ತಿದ್ದ ಕಪ್ಪು ಕಾಳುಗಳು ಒಂದು ಬಗೆಯ ಕಡಲ ಜಿಗಣೆಯ ಮೊಟ್ಟೆಗಳು ಎಂದು 1827ರಲ್ಲಿ ವಿದ್ಯಾರ್ಥಿಗಳ ಸಂಘವೊಂದರಲ್ಲಿ ತೋರಿಸಿಕೊಟ್ಟರು. ಆಗ ಅವರಿಗೆ ಕೇವಲ 18 ವರ್ಷ!

ಹಡಗಿನ ಪ್ರಯಾಣ

1831ರ ಡಿಸೆಂಬರ್ 27ರಂದು ಡಾರ್ವಿನ್ ಬೀಗಲ್ ಎಂಬ ಹಡಗು ಏರಿದ ಪ್ರಯಾಣ ಆರಂಭವಾಯಿತು. ಅದು ಸುಮಾರು ಐದು ವರ್ಷ ನಡೆಯಿತು. 1835ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದ ತೀರದಲ್ಲಿ ಅವರಿಗೆ ಒಂದು ಶಂಖದಂತಹ ಚಿಪ್ಪು ಸಿಕ್ಕಿತು. ಅದರ ತುಂಬ ಸಣ್ಣ ರಂಧ್ರಗಳು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಂದೊಂದು ರಂಧ್ರದಲ್ಲೂ ಒಂದು ಪುಟ್ಟ ಜೀವಿ! ಅದು ಬಾರ್ನಕಲ್ ಜಾತಿಗೆ ಸೇರಿದ್ದು. ಆದರೆ ಉಳಿದ ಬಾರ್ನಕಲ್‌ಗಳಿಗಿರುವ ಚಿಪ್ಪು ಇದಕ್ಕಿರಲಿಲ್ಲ.

ಬಾರ್ನಕಲ್ ಎಂದರೇನು?

ಸಮುದ್ರದ ಬಂಡೆಗಳಿಗೆ, ಹಡಗುಗಳ ತಳಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುವ ಚಿಕ್ಕ ಚಿಪ್ಪುಜೀವಿಯೇ ಬಾರ್ನಕಲ್. ನಮ್ಮ ರಾಯಚೂರಿನಿಂದ ಸಮುದ್ರ ನೂರಾರು ಕಿಲೋಮೀಟರ್ ದೂರ. ನೀವು ಪ್ರವಾಸಕ್ಕೆ ಕಾರವಾರಕ್ಕೋ ಮಲ್ಪೆಗೋ ಹೋದರೆ ಬಂಡೆಗಳನ್ನು ಗಮನಿಸಿ. ಬಿಳಿಯ ಪುಟ್ಟ ಗೋಪುರಗಳಂತೆ ಇವು ಕಾಣಿಸಬಹುದು.

ಚಿಪ್ಪು ಇರುವುದರಿಂದ ಇವು ಬಸವನಹುಳುವಿನ ಸಂಬಂಧಿಗಳೆಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. 1830ರಲ್ಲಿ ಜಾನ್ ವಾನ್ ಥಾಂಪ್ಸನ್ ಎಂಬುವವರು ಇವುಗಳ ಮರಿಗಳನ್ನು ಪರೀಕ್ಷಿಸಿ, ಇವು ಏಡಿ, ಸೀಗಡಿಗಳ ಗುಂಪಿಗೆ ಸೇರಿದವು ಎಂದು ತೋರಿಸಿದರು. ಗುಟ್ಟು ಬಯಲಾದದ್ದು ಮರಿಗಳಿಂದಲೇ!

ಎಂಟು ವರ್ಷದ ಕೆಲಸ

ಒಂದು ಬಗೆಯ ಜೀವಿ ಕಾಲಕ್ರಮದಲ್ಲಿ ಬದಲಾಗಿ ಮತ್ತೊಂದು ಬಗೆಯಾಗಬಹುದು ಎಂಬ ವಿಚಾರವನ್ನು ಡಾರ್ವಿನ್ 1844ರಲ್ಲಿ ಬರೆದಿಟ್ಟಿದ್ದರು. ಅದನ್ನು ಪ್ರಕಟಿಸಲಿಲ್ಲ. ಹಲವು ಪ್ರಭೇದಗಳನ್ನು ಹತ್ತಿರದಿಂದ ನೋಡದೆ ಇಂತಹ ದೊಡ್ಡ ಮಾತು ಆಡಿದರೆ ಯಾರು ನಂಬುತ್ತಾರೆ? ಆದ್ದರಿಂದ 1846ರಲ್ಲಿ ಚಿಲಿಯಿಂದ ತಂದ ಆ ಪುಟ್ಟ ಜೀವಿಯನ್ನು ಕೈಗೆತ್ತಿಕೊಂಡರು. ಅದನ್ನು ಉಳಿದ ಬಾರ್ನಕಲ್‌ಗಳೊಂದಿಗೆ ಹೋಲಿಸಬೇಕಾಯಿತು. ಜಗತ್ತಿನ ನಾನಾ ಕಡೆಗಳಿಂದ ಮಾದರಿಗಳು ಅಂಚೆಯಲ್ಲಿ ಬಂದವು. ಬೇಗ ಮುಗಿಯುವುದೆಂದುಕೊಂಡ ಕೆಲಸ ಎಂಟು ವರ್ಷ ಹಿಡಿಯಿತು.

ಅಪ್ಪ ದಿನವೂ ಇದೇ ಕೆಲಸ ಮಾಡುವುದನ್ನು ಕಂಡಿದ್ದ ಅವರ ಮಗುವೊಂದು, ನೆರೆಮನೆಯವರು ತಮ್ಮ ಬಾರ್ನಕಲ್ ಕೆಲಸವನ್ನು ಎಲ್ಲಿ ಮಾಡುತ್ತಾರೆ ಎಂದು ಕೇಳಿತಂತೆ! ಎಲ್ಲ ಅಪ್ಪಂದಿರೂ ಇದನ್ನೇ ಮಾಡುತ್ತಾರೆಂದು ಅದು ತಿಳಿದಿತ್ತು.

ಆ ವರ್ಷಗಳು ಸುಖದ ವರ್ಷಗಳಾಗಿರಲಿಲ್ಲ. ಹೊಟ್ಟೆಯ ಕಾಯಿಲೆ ಡಾರ್ವಿನ್ನರನ್ನು ಪದೇ ಪದೇ ಕಾಡಿತು. 1851ರಲ್ಲಿ ಹತ್ತು ವರ್ಷದ ಮುದ್ದಿನ ಮಗಳು ಆನಿ ತೀರಿಕೊಂಡಳು. ಆ ದುಃಖ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಆದರೂ ಅವರು ಸೂಕ್ಷ್ಮದರ್ಶಕದ ಮುಂದೆ ಮತ್ತೆ ಕುಳಿತರು.

ಮೂರು ವಯಸ್ಸು, ಮೂರು ಬಗೆಯ ಊಟ

ಬಾರ್ನಕಲ್‌ನ ಮರಿಗೆ ಮೂರು ಜೊತೆ ಕಾಲು, ಒಂದೇ ಕಣ್ಣು. ಅದು ಈಜುತ್ತಾ ನೀರಿನಲ್ಲಿ ತೇಲುವ ಅತಿ ಸೂಕ್ಷ್ಮ ಪಾಚಿಗಳನ್ನು ತಿನ್ನುತ್ತದೆ. ಹಲವು ಸಲ ಪೊರೆ ಕಳಚಿ ಬೆಳೆಯುತ್ತದೆ.

ಎರಡನೆಯ ಹಂತದಲ್ಲಿ ಅದು ಏನನ್ನೂ ತಿನ್ನುವುದಿಲ್ಲ! ಈ ಹಂತದಲ್ಲಿ ಬಾಯಿ ಮುಚ್ಚಿರುವುದನ್ನು ಡಾರ್ವಿನ್ ಗಮನಿಸಿದರು. ಮರಿಯಾಗಿದ್ದಾಗ ಮೈಯಲ್ಲಿ ಕೂಡಿಟ್ಟ ಎಣ್ಣೆಯೇ ಅದಕ್ಕೆ ಬುತ್ತಿ. ಅಂಟಿಕೊಳ್ಳಲು ಒಳ್ಳೆಯ ಜಾಗ ಹುಡುಕುವುದೊಂದೇ ಆಗ ಅದರ ಕೆಲಸ. ಬುತ್ತಿ ಮುಗಿಯುವುದರೊಳಗೆ ಜಾಗ ಸಿಗದಿದ್ದರೆ ಅದು ಸಾಯುತ್ತದೆ.

ಜಾಗ ಸಿಕ್ಕಿದೊಡನೆ ತಲೆ ಕೆಳಗೆ ಮಾಡಿ ಅಂಟಿಕೊಂಡು, ಸುತ್ತ ಚಿಪ್ಪು ಕಟ್ಟಿಕೊಳ್ಳುತ್ತದೆ. ಇದು ಮೂರನೆಯ ಹಂತ. ಗರಿಯಂತಹ ಆರು ಜೊತೆ ಕಾಲುಗಳನ್ನು ಬಲೆಯಂತೆ ಬೀಸಿ, ನೀರಿನಲ್ಲಿ ತೇಲಿಬರುವ ಸೂಕ್ಷ್ಮ ಸಸ್ಯಗಳ ಜೊತೆಗೆ ಪುಟ್ಟ ಪ್ರಾಣಿಗಳನ್ನೂ ಹಿಡಿದು ತಿನ್ನುತ್ತದೆ.

ಹೀಗೇಕೆ? ಬಂಡೆಗೆ ಅಂಟಿದ ಜೀವಿ ನಡೆದು ಹೋಗಿ ಹೊಸ ಜಾಗ ಹುಡುಕಲಾರದು. ಆ ಕೆಲಸ ಮರಿಗಳದು. ಪ್ರತಿ ವಯಸ್ಸಿಗೂ ಬೇರೆ ಕೆಲಸ, ಕೆಲಸಕ್ಕೆ ತಕ್ಕ ದೇಹ, ದೇಹಕ್ಕೆ ತಕ್ಕ ಊಟ.

ಫಲ

1851ರಿಂದ 1854ರ ನಡುವೆ ಈ ಅಧ್ಯಯನ ನಾಲ್ಕು ಸಂಪುಟಗಳಾಗಿ ಹೊರಬಂತು. 1853ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಡಾರ್ವಿನ್ನರಿಗೆ ಪದಕ ನೀಡಿತು. ಒಂದೇ ಪ್ರಭೇದದ ಜೀವಿಗಳಲ್ಲೂ ಎಷ್ಟೊಂದು ವ್ಯತ್ಯಾಸಗಳಿರುತ್ತವೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. 1859ರಲ್ಲಿ ಜೀವವಿಕಾಸದ ಬಗ್ಗೆ ಅವರ ಪ್ರಸಿದ್ಧ ಪುಸ್ತಕ ಪ್ರಕಟವಾಯಿತು.

1882ರ ಏಪ್ರಿಲ್ 19ರಂದು ತಮ್ಮ 73ನೆಯ ವಯಸ್ಸಿನಲ್ಲಿ ಡಾರ್ವಿನ್ ತೀರಿಕೊಂಡರು. ಅದಕ್ಕೆ ಎರಡು ವಾರ ಮೊದಲು ಅವರ ಒಂದು ಪುಟ್ಟ ಲೇಖನ ಅಚ್ಚಾಗಿತ್ತು. ಅದೂ ಚಿಪ್ಪುಜೀವಿಯ ಬಗ್ಗೆಯೇ! ನೀರಿನ ಜೀರುಂಡೆಯೊಂದರ ಕಾಲನ್ನು ಕಚ್ಚಿಕೊಂಡು, ಪುಟ್ಟ ಸಿಹಿನೀರಿನ ಚಿಪ್ಪುಜೀವಿ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಬಲ್ಲದು ಎಂದು ಅದರಲ್ಲಿ ವಿವರಿಸಿದ್ದರು. ಆ ಜೀರುಂಡೆಯನ್ನು ಕಳುಹಿಸಿದವರು ಕ್ರಿಕ್ ಎಂಬುವವರು. 1953ರಲ್ಲಿ ಡಿಎನ್‌ಎ ರಚನೆಯನ್ನು ಕಂಡುಹಿಡಿದ ಇಬ್ಬರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ ಅವರ ಮೊಮ್ಮಗ.

ಮಾಡಿ ನೋಡಿ

ಶಿಕ್ಷಕರ ಜೊತೆ ಹತ್ತಿರದ ಹಳ್ಳಕ್ಕೆ ಹೋಗಿ ನಾಲ್ಕೈದು ಗೊದಮೊಟ್ಟೆಗಳನ್ನು ಅದೇ ನೀರಿನೊಂದಿಗೆ ಅಗಲವಾದ ಪಾತ್ರೆಯಲ್ಲಿ ತನ್ನಿ. ಪಾಚಿ ಹಿಡಿದ ಒಂದು ಕಲ್ಲನ್ನು ಅದರಲ್ಲಿಡಿ. ಅವು ಏನು ತಿನ್ನುತ್ತವೆ, ಕಾಲುಗಳು ಯಾವಾಗ ಮೂಡುತ್ತವೆ, ಬಾಲ ಕರಗುವಾಗ ತಿನ್ನುತ್ತವೆಯೇ ಇಲ್ಲವೇ? ದಿನವೂ ದಿನಾಂಕ ಹಾಕಿ ಬರೆದಿಡಿ. ಮುಗಿದ ಮೇಲೆ ಅವುಗಳನ್ನು ಅದೇ ಹಳ್ಳಕ್ಕೆ ಬಿಟ್ಟುಬನ್ನಿ.